ತಗ್ಗು ಬಿಟ್ಟ ಗಾದಿ

ಮೊನ್ನೆ ಮೊಮ್ಮಗಳು ರಜಿಯಾ ಅಡುಗೆ ಮನೆಗೆ ಬಂದು ನನ್ನ ಕೈಯಲ್ಲಿದ್ದ ಸ್ಟೀಲಿನ ಸೌಟು ಕಸಿದುಕೊಂಡು, ಅದರ ಒಳಮೈಯನ್ನು ನನ್ನ ಮುಖದ ಮುಂದೆ ಹಿಡಿದಳು.

“ಏನ ಕಾಣತೈತಿ ಅಜ್ಜಿ?”

“ನನ್ನ ಮಾರಿ. ತಲಿಕೆಳಗ ಕಾಣತೈತಿ.”

“ಯಾಕ ಹಂಗ ಕಾಣತೈತಿ, ಹೇಳು ನೋಡೂಣು.”

“ನಿಮ್ಮವ್ವಗ ಸವಟು ತಿಕ್ಕಾಕ ಬರಂಗಿಲ್ಲ. ಅದಕ್ಕ.”

ಅವಳು ನಕ್ಕಳು. ಸೌಟಿನ ಒಳಮೈಗೆ ನಿಮ್ನ ಅಂತ ಹೆಸರಂತೆ. ನಡು ಒಳಗೆ ಬಾಗಿದ್ದರೆ ನಿಮ್ನ, ಹೊರಗೆ ಉಬ್ಬಿದ್ದರೆ ಪೀನ. ನಿಮ್ನದೊಳಗೆ ನೋಡಿಕೊಂಡರೆ ಮುಖ ತಲೆಕೆಳಗಂತೆ. ನನಗೇನೂ ಬೇಸರವಾಗಲಿಲ್ಲ. ನೆಟ್ಟಗೆ ಕಂಡರೂ ಅದೇನು ನಿಂತು ನೋಡುವಂಥ ಮುಖವಲ್ಲ. ಆದರೆ ಆ ಹೆಸರು ಮಾತ್ರ ಬಾಯಿಗೆ ಹತ್ತಲಿಲ್ಲ. ನಿಮ್ನ. ಕೆಮ್ಮಿಗೆ ಕೊಡುವ ಔಷಧಿಯ ಹೆಸರಿನಂತಿತ್ತು.

“ಅದಕ್ಕ ನಾವು ತಗ್ಗು ಅಂತೀವಿ” ಅಂದೆ.

“ತಗ್ಗು ಅಂದ್ರ ರೋಡಿನ್ಯಾಗ ಇರತೈತಲ್ಲ, ಬಸ್ಸು ಕುಣಿಸೋದು, ಅದು ಅಜ್ಜಿ” ಅಂದಳು ರಜಿಯಾ, ನನಗೆ ತಿಳಿಯದ್ದನ್ನು ತಿಳಿಸುವ ಹಾಗೆ. ಸೌಟು ಒಲೆಯ ಕಟ್ಟೆಯ ಮೇಲಿಟ್ಟು ಹೋಗಿಬಿಟ್ಟಳು.

ತಗ್ಗು ರೋಡಿನಲ್ಲಷ್ಟೇ ಇರುತ್ತದಂತೆ. ಇಡೀ ಆಯುಷ್ಯ ತಗ್ಗಿನ ಜೊತೆ ಜಗಳವಾಡಿ ಬದುಕಿದವಳ ಮುಂದೆ ಹೇಳುವ ಮಾತೇ ಇದು? ಕೂಡು, ಹೇಳ್ತೀನಿ, ಬರಕೋ ಅಂದರೆ ಅವಳಿಗೆ ಪುರುಸೊತ್ತಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ನಾನು ಕಲಿತದ್ದು ಎರಡನೇ ಇಯತ್ತೆ. ಒತ್ತಕ್ಷರ ತಪ್ಪಿದರೆ ನೀವೇ ತಿದ್ದಿಕೊಂಡು ಓದಿರಿ, ನನಗೆ ಹೇಳಲು ಬರಬೇಡಿ.

ನಿಮ್ಮ ಅಂಗೈ ಒಮ್ಮೆ ನೋಡಿಕೊಳ್ಳಿ. ನಡುವೆ ಒಂದು ತಗ್ಗು ಐತಿ. ನಮ್ಮವ್ವ ಉಪ್ಪು ಅಳೆಯುತ್ತಿದ್ದದ್ದು ಅದರಿಂದಲೇ. ಚಮಚೆ ಅಂಬೋದು ನಮ್ಮ ಮನೆ ಹೊಕ್ಕಿದ್ದು ನನ್ನ ಮದುವೆಯಾದ ಮೇಲೆ. ಹುಟ್ಟಿದ ಕೂಸಿನ ನೆತ್ತಿಯಲ್ಲಿ ಒಂದು ತಗ್ಗು ಇರುತ್ತದೆ, ಎಣ್ಣೆ ಇಟ್ಟರೆ ಅಲ್ಲೇ ನಿಲ್ಲುತ್ತದೆ. ತಾಟಿನಲ್ಲಿ ಜೋಳದ ನುಚ್ಚು ಹಾಕಿಕೊಂಡು ನಡುವೆ ಬೆರಳಿನಿಂದ ತಗ್ಗು ಮಾಡದೆ ಮಜ್ಜಿಗೆ ಹಾಕಿಸಿಕೊಂಡವನು ನಮ್ಮ ಕಡೆಯವನಲ್ಲ ಅಂತ ಕಣ್ಣು ಮುಚ್ಚಿ ಹೇಳಬಹುದು. ಎರೆ ಹೊಲದಲ್ಲಿ ಒಂದು ಕಡೆ ತಗ್ಗಿದ್ದರೆ ಅಲ್ಲಿ ನೀರು ನಿಂತು ಬಿತ್ತಿಗೆ ತಡವಾಗುತ್ತದೆ; ಹೆಣ್ಣು ಕೊಡುವವರು ಹುಡುಗನ ಮುಖಕ್ಕಿಂತ ಮೊದಲು ಆ ತಗ್ಗು ನೋಡಿ ಬರುತ್ತಿದ್ದರು. ಕೆಲವು ಹೆಣ್ಣುಮಕ್ಕಳಿಗೆ ನಕ್ಕರೆ ಕೆನ್ನೆಯಲ್ಲಿ ತಗ್ಗು ಬೀಳುತ್ತದೆ, ಗಂಡಸರು ಹುಚ್ಚಾಗುತ್ತಾರೆ. ನನಗೆ ಆ ವಯಸ್ಸಿನಲ್ಲಿ ಅದು ಇರಲಿಲ್ಲ. ಈಗ ಎರಡೂ ಕಡೆ ಐತಿ. ದವಡೆ ಹಲ್ಲು ಹೋದ ಮೇಲೆ ಬಂದದ್ದು.

ನಾನು ಹುಟ್ಟಿದ್ದು ಬೆಟಗೇರಿಯಲ್ಲಿ, ನೇಕಾರರ ಓಣಿಯ ತುದಿಗೆ. ಅವರ ಮನೆಗಳಲ್ಲಿ ಮಗ್ಗ ನೆಲದ ಮೇಲಿರುತ್ತಿತ್ತು, ನೇಯುವವರ ಕಾಲು ನೆಲದೊಳಗಿನ ತಗ್ಗಿನಲ್ಲಿ ಇಳಿಬಿದ್ದಿರುತ್ತಿದ್ದವು. ಮಧ್ಯಾಹ್ನ ಅವರು ಊಟಕ್ಕೆ ಎದ್ದ ಕೂಡಲೇ ನಾನು ಹೋಗಿ ಆ ತಗ್ಗಿನಲ್ಲಿ ಇಳಿದು ಕೂಡುತ್ತಿದ್ದೆ. ಎಂಥ ಬೇಸಿಗೆಯಲ್ಲೂ ತಣ್ಣಗೆ. ಒಮ್ಮೆ ಅಲ್ಲೇ ನಿದ್ದೆ ಹೋಗಿ, ನೇಯಲು ಬಂದ ಅಜ್ಜ ನನ್ನ ತಲೆಯ ಮೇಲೆ ಕಾಲಿಟ್ಟ. ಅವನು ಬೆಕ್ಕು ಅಂದುಕೊಂಡನಂತೆ. ನಾನು ಅವನ ಹೆಬ್ಬೆರಳು ಕಡಿದೆ. ಆಮೇಲೆ ಬೆಕ್ಕಲ್ಲ ಅಂತ ಗೊತ್ತಾಯಿತು.

ಅಲ್ಲಿಯತನಕ ತಗ್ಗು ಅಂದರೆ ನನಗೆ ಒಳ್ಳೆಯದೇ. ಮದುವೆಯಾಗಿ ಲಕ್ಷ್ಮೇಶ್ವರದ ಹತ್ತಿರ ಅಡರಕಟ್ಟಿಗೆ ಬಂದ ಮೇಲೆ ಅದು ಬೈಗುಳವಾಯಿತು.

ನಾವು ಪಿಂಜಾರರು. ಮುಸಲ್ಮಾನರೇ, ಆದರೆ ಮನೆಯ ಮಾತು ಕನ್ನಡ. ಹತ್ತಿ ಹಿಂಜುವುದು, ಗಾದಿ ತುಂಬುವುದು ನಮ್ಮ ಕಸುಬು. ನನ್ನ ಮಾವ ಹುಸೇನಸಾಬರು ಹಿಂಜುವ ಬಿಲ್ಲು ಹೆಗಲಿಗೇರಿಸಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಗದಗು ತಿರುಗಿದವರು. ಮದುವೆ ಗೊತ್ತಾದ ಮನೆಯವರು ಹೇಳಿ ಕಳಿಸುತ್ತಿದ್ದರು. ನಾವು ಹೋಗಿ ಅವರ ಅಂಗಳದಲ್ಲೇ ನಾಲ್ಕೈದು ದಿನ ಬೀಡು ಬಿಟ್ಟು ಕೆಲಸ ಮಾಡುವುದು. ಮಾವ ಮತ್ತು ನಮ್ಮ ಮನೆಯವರು ಬಿಲ್ಲಿನ ನರಕ್ಕೆ ಮರದ ಕೊಡತಿಯಿಂದ ಹೊಡೆದು ಹತ್ತಿ ಹಿಂಜುತ್ತಿದ್ದರು. ನಾನು ಹಿಂಜಿದ ಹತ್ತಿಯನ್ನು ಹಾಸಿ, ಅರಿವೆಯೊಳಗೆ ತುಂಬಿ, ದಬ್ಬಣದಿಂದ ಹೊಲಿಯುತ್ತಿದ್ದೆ. ಸಂಜೆಯ ಹೊತ್ತಿಗೆ ಮೂವರ ಹುಬ್ಬೂ ಬೆಳ್ಳಗಾಗಿ, ಇಪ್ಪತ್ತೆರಡು ವರ್ಷದ ನಾನು ಈಗಿನ ನನ್ನ ಹಾಗೆಯೇ ಕಾಣುತ್ತಿದ್ದೆ.

ಮಾವನ ಹೆಮ್ಮೆ ಒಂದೇ. “ನಮ್ಮ ಗಾದಿಗೆ ಮೂರು ವರ್ಷ ತಗ್ಗು ಬೀಳಂಗಿಲ್ಲ.” ಹೊಲಿದ ಗಾದಿಯ ಮೇಲೆ ಅವರು ಸಪೂರ ಬಡಿಗೆಯಿಂದ ಹೊಡೆಯುತ್ತ ಹೋದರೆ ಹತ್ತಿ ಹೇಳಿದ ಮಾತು ಕೇಳುತ್ತಿತ್ತು, ಉಬ್ಬಿದ್ದು ಇಳಿಯುತ್ತಿತ್ತು, ತಗ್ಗಿದ್ದು ತುಂಬುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡುತ್ತಿದ್ದರು. ಎಲ್ಲಾದರೂ ಕೈ ನಿಂತಿತೆಂದರೆ ನಾನು ದಬ್ಬಣ ಕೈಗೆ ತೆಗೆದುಕೊಳ್ಳುತ್ತಿದ್ದೆ. “ಇಲ್ಲಿ ತಗ್ಗೈತಿ” ಅಂದರೆ ಮುಗಿಯಿತು, ಬಿಚ್ಚಿ ಮತ್ತೆ ತುಂಬಬೇಕು.

ಹಳೆಯ ಗಾದಿ ಮತ್ತೆ ಹಿಂಜಲು ಬರುತ್ತಿದ್ದವಲ್ಲ, ಅವುಗಳಲ್ಲಿ ತಗ್ಗು ಇದ್ದೇ ಇರುತ್ತಿತ್ತು. ಆ ತಗ್ಗು ಓದುವುದನ್ನು ನನಗೆ ಕಲಿಸಿದವರು ಮೊದಮೊದಲು ನಮ್ಮ ಜೊತೆ ಬರುತ್ತಿದ್ದ ಅತ್ತೆ. ಲಕ್ಷ್ಮೇಶ್ವರದ ಒಬ್ಬ ಕಾಳಿನ ಸಾವಕಾರರ ಅಂಗಡಿಯ ಗಾದಿಗೆ ಎಡಗಡೆ ಮಾತ್ರ ತಗ್ಗು. ದಿನವಿಡೀ ಬೀದಿಯ ಕಡೆ ವಾಲಿಕೊಂಡು, ಯಾರು ಯಾರ ಅಂಗಡಿಗೆ ಹೋದರು ಅಂತ ನೋಡುತ್ತ ಕೂತದ್ದರ ಗುರುತು. ಶಿರಹಟ್ಟಿಯ ಒಬ್ಬ ಮಾಸ್ತರರ ಮನೆಯ ದೊಡ್ಡ ಗಾದಿಗೆ ಎರಡು ತಗ್ಗು, ಆ ತುದಿಗೊಂದು ಈ ತುದಿಗೊಂದು, ನಡುವೆ ಹೊಲದ ಬದುವಿನಂಥ ದಿನ್ನೆ. ಅತ್ತೆ ನೋಡಿದವರೇ, “ಇದಕ್ಕ ಹತ್ತಿ ಹಿಂಜಿದರ ಸಾಲಂಗಿಲ್ಲ, ಹಿರ್‍ಯಾರು ನಾಕ ಮಂದಿ ಕುಂತು ಮಾತಾಡಬೇಕು” ಅಂದರು. ಮಾವ ಬದು ಒಡೆದು ಸಮ ಮಾಡಿ ಕೊಟ್ಟರು. ಮೂರು ವರ್ಷ ದಾಟಿದ ಮೇಲೆ ಅದೇ ಗಾದಿ ತಿರುಗಿ ಬಂತು. ಈಗ ನಟ್ಟನಡುವೆ ಒಂದೇ ದೊಡ್ಡ ತಗ್ಗು, ಅದರ ಮಗ್ಗುಲಿಗೆ ಅಂಗೈಯಷ್ಟಗಲದ ಇನ್ನೊಂದು. ಕೂಸಿನದು. ಮಾವ ಅದನ್ನು ನಮ್ಮ ಕೆಲಸದ ಗುಣ ಅಂತಲೇ ಊರೂರಲ್ಲಿ ಹೇಳಿಕೊಂಡು ಬಂದರು. ನಾನೂ ತಲೆ ಅಲ್ಲಾಡಿಸಿದೆ. ಅದು ಖರೆ ಇರಲಿಕ್ಕೂ ಸಾಕು.

ಹಿಂಗಿರುವಾಗ ನಾನು ಬೇಕಂತಲೇ ಒಂದು ತಗ್ಗಿನ ಗಾದಿ ಮಾಡಿದೆ. ಅದನ್ನು ಹೇಳಲಿಕ್ಕೇ ಇಷ್ಟು ಸುತ್ತಿದ್ದು.

ಎಪ್ಪತ್ತೈದನೇ ಇಸವಿಯ ಆಚೀಚೆ ಇರಬೇಕು. ಮುಂಡರಗಿಯಲ್ಲಿ ಶಿವಪ್ಪ ಅಂಬೋರ ಮನೆಯಲ್ಲಿ ಅವರ ಮಗಳ ಮದುವೆಗೆ ನಾಲ್ಕು ಗಾದಿ ಹೇಳಿದ್ದರು. ಆ ಮನೆಯ ಹೊಣೆಯೆಲ್ಲ ಶಿವಪ್ಪನವರ ಅಕ್ಕ ಗಂಗವ್ವನ ಮೇಲೆ. ನಲವತ್ತು ದಾಟಿದ್ದಳು. ಮದುವೆಯಾಗಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಜಡ್ಡು ಬಂದು ಬೆನ್ನು ಬಾಗಿ, ಹೆಗಲ ನಡುವೆ ಒಂದು ಗೂನು ಎದ್ದು ನಿಂತಿತ್ತು. ಊರವರು ಕರೆಯುತ್ತಿದ್ದದ್ದೇ ಗೂನಿ ಗಂಗವ್ವ ಅಂತ. ಅವಳಿಗೂ ಅದರ ಬಗ್ಗೆ ಏನೂ ಅನ್ನಿಸುತ್ತಿರಲಿಲ್ಲ, ಅಥವಾ ಅನ್ನಿಸಿದ್ದನ್ನು ತೋರಿಸುತ್ತಿರಲಿಲ್ಲ. ಅವಳು ಬಡಿದ ರೊಟ್ಟಿಯ ಸಪ್ಪಳಕ್ಕೆ ಓಣಿಯ ಹೆಂಗಸರು ಹೊತ್ತು ನೋಡುತ್ತಿದ್ದರು. ಎರಡೂ ಹೊತ್ತು ಹದಿನೈದು ಮಂದಿಗೆ ರೊಟ್ಟಿ. ಕಾಗದದಂಥ ರೊಟ್ಟಿ.

ಎರಡನೇ ದಿನ ನಾನು ನೀರು ಕೇಳಲು ಒಳಗೆ ಹೋದಾಗ ಗಂಗವ್ವ ಕಾಳಿನ ಕೋಣೆಯಲ್ಲಿ ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕೂತೇ ತೂಕಡಿಸುತ್ತಿದ್ದಳು. ನನ್ನ ಸಪ್ಪಳಕ್ಕೆ ಎದ್ದಳು.

“ಗಾದಿ ಪಟ್ಟಿಯೊಳಗ ನಿಮ್ಮ ಹೆಸರೇ ಇಲ್ಲಲ್ಲ ಗಂಗಕ್ಕಾರ” ಅಂದೆ.

“ನನಗ್ಯಾಕ ಬೇ ಗಾದಿ? ಗಾದಿ ಮಲಗೋರಿಗೆ. ನಾ ಕುಂತ ನಿದ್ದಿ ಮಾಡಾಕಿ.”

“ಯಾವಾಗಲೂ?”

“ಮಗ್ಗಲಾಗಿ ಮಲಗಿದರ ಅರ್ಧ ತಾಸಿಗೆ ಹೆಗಲು ಹಿಡೀತೈತಿ. ಅಂಗಾತ ಮಲಗಿ ಮೂವತ್ತು ವರ್ಷ ಮ್ಯಾಲಾತು. ಸತ್ತ ಮ್ಯಾಲ ಹ್ಯಾಂಗ ಮಲಗಸ್ತಾರ ಅನ್ನೋದೊಂದ ಚಿಂತಿ ನನಗ.”

ನಗುತ್ತಲೇ ಹೇಳಿದಳು. ಕಣ್ಣು ಮಾತ್ರ ಕೆಂಪಗಿದ್ದವು. ಮದುವೆಗೆ ಇನ್ನು ಹದಿನೈದು ದಿನ. ಅಷ್ಟು ದಿನ ಬೀಸುವುದು ಕುಟ್ಟುವುದು ಬೆಂಕಿಯ ಮುಂದೆ ಕೂಡುವುದು ಎಲ್ಲ ಅವಳದೇ. ಒಲೆಯ ಮುಂದೆ ತೂಕಡಿಸಿ ಹಿಂದಿನ ವಾರ ಸೆರಗಿಗೆ ಬೆಂಕಿ ಹತ್ತಿಸಿಕೊಂಡಿದ್ದಳಂತೆ. ಸುಟ್ಟ ಅಂಚು ನಾನೇ ನೋಡಿದೆ.

ಅವಳು ನೀರು ತರಲು ಹೋದಾಗ ನಾನು ಆ ಚೀಲ ನೋಡಿದೆ. ಎಷ್ಟು ದಿನದಿಂದ ಒರಗಿದ್ದಳೋ ಏನೋ, ಚೀಲದ ಮೈಯಲ್ಲಿ ಒಂದು ತಗ್ಗು ಮೂಡಿತ್ತು. ಮೇಲೆ ಅಗಲ, ಒಳಗೆ ಹೋದಂತೆ ಕಿರಿದು, ಎಡಕ್ಕಿಂತ ಬಲಕ್ಕೆ ಕೊಂಚ ಹೆಚ್ಚು ಆಳ. ಗೂನಿನ ಅಚ್ಚು. ಹಳೆಯ ಗಾದಿಯ ತಗ್ಗು ಓದಿ ಓದಿ ರೂಢಿಯಾದ ಕೈ ನನ್ನದು, ಸುಮ್ಮನಿರಲಿಲ್ಲ. ಗೇಣು ಹಾಕಿದೆ. ಅಗಲ ಒಂದು ಗೇಣು ನಾಲ್ಕು ಬೆರಳು. ಆಳ ನನ್ನ ಮುಷ್ಟಿ ಮುಳುಗಿ ಮಣಿಕಟ್ಟಿನತನಕ.

ನೀರು ತಂದ ಗಂಗವ್ವ ನೋಡಿಬಿಟ್ಟಳು.

“ಏನ ಅಳೀತಿ?”

“ನಿಮಗೊಂದು ಗಾದಿ ಮಾಡತೀನ್ರಿ. ಗೂನು ಕುಂದ್ರಾಕ ನಡುವ ಜಾಗ ಬಿಟ್ಟು.”

ಅವಳ ಮುಖ ಗಟ್ಟಿಯಾಯಿತು. “ಬ್ಯಾಡ. ಸಣ್ಣಾಕಿ ಇದ್ದಾಗ ಬೆನ್ನು ನೆಟ್ಟಗ ಮಾಡತೀವಿ ಅಂತ ಹಲಗಿ ಮ್ಯಾಲ ಹಾಕಿ ಕಲ್ಲು ಹೇರಿದ್ರು. ಅವತ್ತ ಆಣಿ ಮಾಡೀನಿ, ನನ್ನ ಬೆನ್ನು ಇನ್ನ ಯಾರ ಕೈಗೂ ಕೊಡಂಗಿಲ್ಲ ಅಂತ.”

“ನಿಮ್ಮ ಬೆನ್ನು ಯಾರಿಗೆ ಬೇಕ್ರಿ. ನನಗ ನಿಮ್ಮ ಚೀಲ ಸಿಕ್ಕೈತಿ, ಸಾಕು” ಅಂದೆ.

ಮೆತ್ತಗೆ ಮಾತಾಡಲು ನನಗೆ ಅವತ್ತೂ ಬರುತ್ತಿರಲಿಲ್ಲ. ಆದರೆ ಅವಳು ನಕ್ಕಳು. “ಏನರ ಮಾಡ್ಕೋ. ನಾ ಮಲಗತೀನಿ ಅಂತ ಮಾತು ಕೊಡಂಗಿಲ್ಲ” ಅಂದಳು.

ಶಿವಪ್ಪನವರನ್ನು ಕೇಳಿದೆ. “ಅಕ್ಕಗ ಗಾದಿ ರೂಢಿ ಇಲ್ಲ” ಅಂದರು. ರೂಢಿ ಹೇಗೆ ಬರಬೇಕು ಅಂದೆ. ಅಟ್ಟದ ಮೇಲಿಂದ ತಮ್ಮ ತೀರಿಹೋದ ತಾಯಿಯ ಹಳೆಯ ಗಾದಿ ಇಳಿಸಿ ಕೊಟ್ಟರು. ಹತ್ತಿ ಕಲ್ಲಾಗಿತ್ತು, ಆದರೆ ಒಳ್ಳೆಯ ಹತ್ತಿ. ನಮ್ಮ ಮನೆಯವರು ಅದನ್ನು ಹಿಂಜಿ ಕೊಟ್ಟರು, ಯಾಕೆ ಏನು ಅಂತ ಕೇಳಲಿಲ್ಲ. ಅವರು ಯಾವತ್ತೂ ಕೇಳಿದವರಲ್ಲ. ಸಂಸಾರ ಸುಸೂತ್ರ ನಡೆದದ್ದು ಅದರಿಂದಲೇ.

ನಾನು ಎರಡು ಗಾದಿಯಷ್ಟು ದಪ್ಪ ತುಂಬಿದೆ. ಗೂನು ಬರುವ ಜಾಗದಲ್ಲಿ ಹತ್ತಿ ಕಡಿಮೆ ಹಾಕಿ ತಗ್ಗು ಬಿಟ್ಟೆ. ಹೊಲಿದು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು. ನಾಳೆ ತೋರಿಸಿದರಾಯಿತು ಅಂತ ಕಟ್ಟೆಯ ಮೇಲೆ ಬಿಟ್ಟು ಬಂದೆ.

ಬೆಳಿಗ್ಗೆ ನೋಡುತ್ತೇನೆ, ತಗ್ಗು ಇಲ್ಲ. ಗಾದಿ ಹದಗೊಳಿಸಿದ ಕಣದ ಹಾಗೆ ಸಪಾಟಾಗಿ ಮಲಗಿತ್ತು. ಒಂದೇ ರಾತ್ರಿಗೆ ಹತ್ತಿ ತಾನೇ ಜಾರಿ ಬಂತೇ ಅಂತ ನಾನು ದಂಗಾಗಿ ನಿಂತಾಗ, ಮಾವ ನಮಾಜು ಮುಗಿಸಿ ಟೋಪಿ ಮಡಚುತ್ತ ಬಂದರು. ಕಂಕುಳಲ್ಲಿ ಬಡಿಗೆ.

“ಇದೊಂದು ಗಾದಿಗೆ ನಡುವ ಭಾಳ ತಗ್ಗಿತ್ತು” ಅಂದರು. “ನಮಾಜಿಗೆ ಏಳುವಾಗ ಕೈ ತಾಗಿತು. ಹೊಲಿಗಿ ಬಿಚ್ಚಿ, ಇಷ್ಟ ಹತ್ತಿ ಸೇರಿಸಿ, ಬಡಿದು ಸರಿ ಮಾಡೀನಿ. ಯಾರ ತುಂಬಿದ್ರು ಅದನ್ನ?”

“ನಾನ್ರಿ.”

“ನಿನ್ನ ಕೈ ಕೆಟ್ಟೈತೇನು?”

“ಬೇಕಂತ ಬಿಟ್ಟಿದ್ದೆ ಮಾವಾರ.”

ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ, ತಲೆ ಅಲ್ಲಾಡಿಸಿದರು. “ಮದುವಿ ಮನಿ ಇದು. ನೂರು ಮಂದಿ ಬಂದು ಹೋಗತಾರ. ಹುಸೇನಸಾಬ ತಗ್ಗಿನ ಗಾದಿ ಮಾಡಿ ಕೊಟ್ಟಾನಂತ ನೋಡತಾರ. ಇದು ಗಂಗವ್ವನ ಬೆನ್ನಿಗೆ ಅಂತ ಮನಿಮನಿಗೆ ಹೋಗಿ ಹೇಳಾಕ ಬರತೈತೇನು?”

“ಅಕಿ ನಿದ್ದಿ ಮಾಡಿ ಮೂವತ್ತು ವರ್ಷ ಆಗೇತ್ರಿ.”

“ನಾ ಈ ಕೆಲಸ ಮಾಡಾಕ ಹತ್ತಿ ನಲವತ್ತು ವರ್ಷ ಆಗೇತಿ.”

ನಾನು ಅಲ್ಲಿಂದ ಕದಲಲಿಲ್ಲ. ದಬ್ಬಣ ಕೈಯಲ್ಲೇ ಇತ್ತು. ಅವರೇ ಕಡೆಗೆ ಬೇಸತ್ತು ಅಂದರು: “ಆತು. ಇನ್ನೊಮ್ಮೆ ಮಾಡು. ಅಕಿ ಇದರ ಮ್ಯಾಲ ಮಲಗಿದಳೋ ನಾ ಬಾಯಿ ತಗಿಯಂಗಿಲ್ಲ. ಮಲಗಲಿಲ್ಲೋ, ಗಾದಿ ಬಿಚ್ಚಿ ಹತ್ತಿ ಅವರ ಕೈಗೆ ಕೊಡು, ದಬ್ಬಣ ನಿಮ್ಮತ್ತಿ ಕೈಗೆ ಕೊಡು. ಮುಂದ ನೀ ಮನಿ ನೋಡ್ಕೊಂಡು ಇರು.”

ದಬ್ಬಣ ಬಿಡುವುದೆಂದರೆ ಊರು ತಿರುಗುವುದನ್ನು ಬಿಟ್ಟು ಅಡರಕಟ್ಟಿಯ ಮನೆಯಲ್ಲಿ ಕೋಳಿ ಎಣಿಸುತ್ತ ಕೂಡುವುದು. ಗಾದಿಯ ಕೆಲಸ ಬಿಟ್ಟರೆ ನನಗೆ ಬೇರೆ ಯಾವುದೂ ಚೆನ್ನಾಗಿ ಬರುತ್ತಿರಲಿಲ್ಲ. ಅಡುಗೆಯಂತೂ ನಮ್ಮ ಮನೆಯವರನ್ನು ಕೇಳಬೇಕಿತ್ತು. ಈಗ ಅವರಿಲ್ಲ, ನಾನು ಬಚಾವಾದೆ.

ಮಾವನ ಬಡಿಗೆಯಿಂದ ಒಂದು ಉಪಕಾರವಾಯಿತು ಅನ್ನಬೇಕು. ಬರೀ ಹತ್ತಿ ಕಡಿಮೆ ಹಾಕಿ ಬಿಟ್ಟ ತಗ್ಗು ನಿಲ್ಲುವುದಿಲ್ಲ ಅಂತ ಗೊತ್ತಾಯಿತು. ಇವತ್ತು ಮಾವ ಬಡಿದರು. ನಾಳೆ ಗಂಗವ್ವ ಹೊರಳಾಡಿದರೂ ಸುತ್ತಲಿನ ಹತ್ತಿ ಜಾರಿ ತಗ್ಗಿಗೆ ಇಳಿಯುತ್ತದೆ. ಹಂಗಾರೆ ತಗ್ಗಿಗೆ ಒಂದು ಗೋಡೆ ಬೇಕು. ಬಾವಿಗೆ ಕಟ್ಟುತ್ತಾರಲ್ಲ, ಹಂಗೆ. ಆದರೆ ಗೋಡೆ ಮೆತ್ತಗಿರಬೇಕು.

ಆವಾಗ ಆ ಮನೆಯ ಆಳು ಹೆಂಗಸು ಕೊಡ ಹೊತ್ತು ಅಂಗಳ ದಾಟಿ ಹೋದಳು. ಕೊಡದ ಕೆಳಗೆ ತಲೆಯ ಮೇಲೆ ಅರಿವೆಯ ಸಿಂಬಿ. ಅಷ್ಟು ದುಂಡನೆಯ ಕೊಡದ ಬುಡ ಆ ಸಿಂಬಿಯ ತಗ್ಗಿನಲ್ಲಿ ಅಲ್ಲಾಡದೆ ಕೂತಿತ್ತು. ಹುಟ್ಟಿದಾರಭ್ಯ ನೋಡಿದ್ದೇ, ನಾನೇ ಸಾವಿರ ಸಲ ಸುತ್ತಿದ್ದೇ. ಅವತ್ತು ಮೊದಲ ಸಲ ಕಣ್ಣಿಗೆ ಬಿತ್ತು.

ಹತ್ತಿಯನ್ನು ಹಗ್ಗದ ಹಾಗೆ ಬಿಗಿಯಾಗಿ ಹೊಸೆದು, ಹಳೆಯ ಸೀರೆಯ ಪಟ್ಟಿಯಲ್ಲಿ ಸುತ್ತಿ, ದೊಡ್ಡದೊಂದು ಸಿಂಬಿ ಮಾಡಿದೆ. ಚೀಲದ ಅಚ್ಚಿನಂತೆ ಬಲಕ್ಕೆ ಕೊಂಚ ಎತ್ತರ. ಅದರ ಮೇಲೊಂದು ಅದಕ್ಕಿಂತ ಅಗಲದ್ದು, ಅದರ ಮೇಲೆ ಇನ್ನೊಂದು. ಮೂರನ್ನೂ ಒಂದಕ್ಕೊಂದು ಹೊಲಿದು ಗಾದಿಯೊಳಗೆ ಇಟ್ಟು, ಸುತ್ತಲೂ ಹತ್ತಿ ತುಂಬಿ, ಮೇಲಿನ ಅರಿವೆಯನ್ನು ತಗ್ಗಿನೊಳಕ್ಕೆ ಇಳಿಸಿ ಸಿಂಬಿಗೇ ಸೇರಿಸಿ ದಬ್ಬಣ ಹಾಕಿದೆ. ಎರಡು ಸಲ ಸೂಜಿ ಬೆರಳೊಳಗೆ ಹೋಯಿತು. ಮುಗಿಸಿ, ಮಾವನಿಗೆ ಕೇಳುವ ಹಾಗೆ, ಗಾದಿಯನ್ನು ಬಡಿಗೆಯಿಂದ ನಾನೇ ಹತ್ತು ಏಟು ಬಡಿದೆ. ತಗ್ಗು ಹಂಗೇ ಇತ್ತು. ಅವರು ಬಿಲ್ಲಿನ ನರ ಬಿಗಿ ಮಾಡುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ಆದರೆ ನರ ಬಿಗಿ ಮಾಡುವ ಕೈ ನಿಂತಿತ್ತು.

ಮಧ್ಯಾಹ್ನದ ಊಟವಾಗಿ ಮನೆ ತಣ್ಣಗಾದ ಮೇಲೆ ಗಾದಿಯನ್ನು ಕಾಳಿನ ಕೋಣೆಯಲ್ಲಿ ಹಾಸಿದೆ. ಗಂಗವ್ವ ಬಾಗಿಲಲ್ಲೇ ನಿಂತು ನೋಡಿದಳು. ಬಾಗಿ ತಗ್ಗಿನೊಳಗೆ ಕೈ ಹಾಕಿದಳು. ಒಳಗೆಲ್ಲ ಆಡಿಸಿದಳು.

“ಇಷ್ಟ ದೊಡ್ಡದೈತೇನು ನಂದು?” ಅಂದಳು. ತನ್ನ ಬೆನ್ನನ್ನು ಅವಳು ಯಾವತ್ತೂ ನೋಡಿರಲಿಲ್ಲ. ಯಾರು ನೋಡಿಕೊಳ್ಳುತ್ತಾರೆ?

“ಐತಿ” ಅಂದೆ. ಸುಳ್ಳು ಯಾಕೆ ಹೇಳಲಿ.

“ನೀ ಹೊರಗ ಹೋಗು. ಕದ ಮುಂದ ಮಾಡು.”

ಕದ ಎಳೆದುಕೊಂಡು ಕಟ್ಟೆಯ ಮೇಲೆ ಬಂದು ಕೂತೆ. ಆಚೆ ತುದಿಗೆ ಮಾವ. ಒಳಗೆ ಸ್ವಲ್ಪ ಹೊತ್ತು ಬಳೆಯ ಸಪ್ಪಳ. ಒಮ್ಮೆ “ಯವ್ವಾ” ಅಂದದ್ದು ಕೇಳಿಸಿತು. ನೋವಿಗೋ, ಅಂಜಿಕೆಗೋ ತಿಳಿಯಲಿಲ್ಲ. ಎದ್ದು ಬರುತ್ತಾಳೆ, ಈಗ ಬಂದಳು ಅಂತ ನಾನು ಕದ ನೋಡುತ್ತ ಕೂತೆ. ದಬ್ಬಣವನ್ನು ಅತ್ತೆಗೆ ಕೊಡುವಾಗ ಏನು ಹೇಳಬೇಕು ಅಂತಲೂ ಯೋಚಿಸಿಟ್ಟುಕೊಂಡೆ. ಆಮೇಲೆ ಸಪ್ಪಳವೇ ಇಲ್ಲ. ಬಿಸಿಲು ಕಟ್ಟೆ ಇಳಿಯಿತು. ದನ ಮನೆಗೆ ಬಂದವು. ಸಂಜೆಯ ರೊಟ್ಟಿ ಬಡಿಯುವ ಹೊತ್ತಾಯಿತು, ಮನೆಯಲ್ಲಿ ರೊಟ್ಟಿಯ ಸಪ್ಪಳವಿಲ್ಲ. ಎದುರು ಮನೆಯ ಹೆಂಗಸು ಹೊರಗೆ ಬಂದು ಆಕಾಶ ನೋಡಿದಳು, ಹೊತ್ತು ಎಷ್ಟಾಯಿತು ಅಂತ ಗೊಂದಲವಾಗಿರಬೇಕು.

ಶಿವಪ್ಪನವರು ಹೊಲದಿಂದ ಬಂದರು. ಚಪ್ಪಲಿ ಬಿಡುತ್ತ ಕಿವಿ ಕೊಟ್ಟು ನಿಂತರು.

“ಹುಸೇನಣ್ಣ, ಯಾರದು ಗೊರಕಿ? ನಿನ್ನ ಮಗ ನಮ್ಮ ಕಾಳಿನ ಖೋಲಿಯೊಳಗ ಮಲಗ್ಯಾನೇನು?”

ನಮ್ಮ ಮನೆಯವರು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದರು.

ಶಿವಪ್ಪನವರ ಹೆಂಡತಿ ಹೋಗಿ ಕದ ಸರಿಸಿ ನೋಡಿದಳು. ನೋಡಿ, ಸರಿಸಿದ ಕದವನ್ನು ಸಪ್ಪಳಾಗದಂತೆ ಮುಂದೆ ಮಾಡಿದಳು. “ಅಕ್ಕಾರದು” ಅಂದಳು. “ಅಂಗಾತ ಮಲಗ್ಯಾರ. ಬಾಯಿ ತಕ್ಕೊಂಡು.”

ಗಂಗವ್ವ ಗೊರಕೆ ಹೊಡೆಯುತ್ತಾಳೆ ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೂತು ನಿದ್ದೆ ಮಾಡುವವರು ಏನು ಗೊರಕೆ ಹೊಡೆದಾರು? ಮೂವತ್ತು ವರ್ಷದ್ದನ್ನು ಅವತ್ತು ಒಮ್ಮೆಲೇ ಹೊಡೆದಳು, ಜೋಳದ ಚೀಲ ಅದುರುವ ಹಾಗೆ. ಶಿವಪ್ಪನವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ತುದಿಗಾಲಲ್ಲಿ ಒಳಗೆ ಹೋದರು. ಅವರ ಹೆಂಡತಿ ಒಲೆಯ ಮುಂದೆ ಕೂತಳು. ರೊಟ್ಟಿ ಬಡಿದರೆ ಸಪ್ಪಳಾಗುತ್ತದೆ ಅಂತ ಕೈಯಿಂದಲೇ ಒತ್ತಿ ಒತ್ತಿ ಮಾಡಿದಳು. ದಪ್ಪ, ಅಂಚು ಹರಿದ, ನಡುವೆ ಹಸಿ. ಅಂಥ ಕೆಟ್ಟ ರೊಟ್ಟಿ ನಾನು ಬೇರೆಲ್ಲೂ ತಿಂದಿಲ್ಲ, ನನ್ನ ಕೈಯಿಂದ ಮಾಡಿದ್ದನ್ನು ಬಿಟ್ಟರೆ. ಮೂರು ತಿಂದೆ.

ಆಮೇಲೆ ಎಂಬತ್ತರ ಹೊತ್ತಿಗೆ ಇಂಥ ಗಾದಿ ಎಷ್ಟೋ ಮಾಡಿದೆ. ಗದಗಿನಲ್ಲಿ ಹಾಸಿಗೆ ಹಿಡಿದು ಬೆನ್ನೆಲ್ಲ ಹುಣ್ಣಾದ ಒಬ್ಬ ಅಜ್ಜನಿಗೆ, ಹುಲಕೋಟಿಯಲ್ಲಿ ಎತ್ತು ತುಳಿದು ಸೊಂಟ ಮುರಿದ ಒಬ್ಬ ರೈತನಿಗೆ, ಶಿರಹಟ್ಟಿಯಲ್ಲಿ ಏಳು ತಿಂಗಳ ಬಸುರಿಗೆ ಹೊಟ್ಟೆ ಇಳಿಬಿಟ್ಟು ಮಗ್ಗುಲಾಗಲು. ಒಬ್ಬೊಬ್ಬರಿಗೆ ಒಂದೊಂದು ಕಡೆ ತಗ್ಗು. ಅಳತೆಗೆ ಹೋದಾಗ ಯಾರ ಮೈಯನ್ನೂ ಮುಟ್ಟಲಿಲ್ಲ. ಅವರು ಮಲಗಿದ ಜಾಗವನ್ನಷ್ಟೇ ಮುಟ್ಟಿ ನೋಡಿದೆ. ಎರಡನೇ ಇಯತ್ತೆ ಓದಿದವಳಿಗೆ ಇದಕ್ಕಿಂತ ಹೆಚ್ಚಿನ ವಿದ್ಯೆ ಯಾಕೆ ಬೇಕು ಅಂತ ನನಗೆ ಈಗಲೂ ಅನ್ನಿಸುತ್ತದೆ. ಜಂಬ ಅಂದರೆ ಅನ್ನಿ.

ಅವತ್ತಿನ ಸಂಜೆಯದು ಇನ್ನೊಂಚೂರು ಉಳಿದಿದೆ. ಊಟವಾಗಿ ಕೈ ತೊಳೆದು ಬಂದ ಮಾವ ತಮ್ಮ ಜಾಗಕ್ಕೆ ಹೋಗಲಿಲ್ಲ. ನಾನು ಹತ್ತಿಯ ಚೂರು ಪಾರು ಬಳಿಯುತ್ತಿದ್ದಲ್ಲಿಗೆ ಬಂದು ನೆಲದ ಮೇಲೆ ಕೂತರು. ಹತ್ತಿಯ ವಿಷಯದಲ್ಲಿ ಅವರು ಇನ್ನೊಬ್ಬರನ್ನು ಒಂದು ಮಾತು ಕೇಳಿದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಮನೆಯವರೂ ಕಂಡಿರಲಿಲ್ಲ.

“ದಾವಲಬಿ.”

“ಏನ್ರಿ.”

“ಆ ಸಿಂಬಿ ಬಿಚ್ಚದಂಗ ಹ್ಯಾಂಗ ಸುತ್ತಿದಿ?”

“ನಿಮಗ ಗೊತ್ತಿರತೈತಿ ಬಿಡ್ರಿ ಮಾವಾರ.”

“ಗೊತ್ತಿದ್ದರ ಕೇಳತಿದ್ನೇನು?”

ನಾನು ಬಳಿದಿಟ್ಟ ಹತ್ತಿಯಿಂದ ಒಂದು ಹಿಡಿ ತೆಗೆದು ಹೊಸೆದು, ಒಂದು ತುದಿ ಅವರ ಕೈಗೆ ಕೊಟ್ಟೆ.

“ಇದನ್ನ ಗಟ್ಟಿ ಹಿಡೀರಿ. ನಾ ಹೇಳೋತನಕ ಸಡಲ ಬಿಡಬ್ಯಾಡ್ರಿ.”

ಹಿಡಿದುಕೊಂಡು ಕೂತರು.